ಎರಡು ತೂತು

ಅಕ್ಕಿಆಲೂರಿನ ನಮ್ಮ ಅಂಗಡಿಗೆ ಬೋರ್ಡಿಲ್ಲ.
ಅಗ್ಗಿಷ್ಟಿಗೆಯ ಬೂದಿ, ಒರೆಗಲ್ಲು, ಅಪ್ಪನ ಕೆಮ್ಮು,
ಇಷ್ಟಿದ್ದರೆ ಪತ್ತಾರರ ಮನೆಯೆಂದು ಊರಿಗೆ ಗೊತ್ತು.

ಮಟಮಟ ಮಧ್ಯಾಹ್ನ ಹೇಮ್ಲವ್ವ ತಾಂಡಾದಿಂದ ಬಂದಳು.
ಕಾಂಚಳಿಯ ತುಂಬ ನಾಣ್ಯ:
ಗಡ್ಡದ ರಾಜರು ಹನ್ನೊಂದು, ಮುಸುಕಿನ ರಾಣಿ ಒಬ್ಬಳು,
ನಡೆದರೆ ಒಬ್ಬರಿಗೊಬ್ಬರು ಬಡಿದುಕೊಂಡು ಗಿಲಿಗಿಲಿ ಅನ್ನುತ್ತಾರೆ.
ಕೊರಳ ದಾರ ಕಡಿದು ಬಿದ್ದದ್ದೊಂದನ್ನು
ಅಪ್ಪನ ಮುಂದಿಟ್ಟಳು.
"ಪೋಣಿಸಬೇಕಾಗೇತ್ರಿ. ನಮ್ಮ ಯಾಡಿಯ ಯಾಡಿದು."

ಅಪ್ಪ ತಿರುವಿದ. ಒರೆಗೆ ಹಚ್ಚಿದ.
ಹಳದಿ ಗೆರೆ. ತೇಜಾಬು ಹನಿಸಿದ.
ಗೆರೆ ಕದಲಲಿಲ್ಲ.
ಆಮೇಲೆ ಸುಮ್ಮನಾದ.
ಆ ಸುಮ್ಮನಾಗುವುದು ನನಗೆ ಗೊತ್ತು.
ಹಿತ್ತಾಳೆ ಅನ್ನುವ ಮೊದಲು ಅಪ್ಪ
ಇಷ್ಟೇ ಹೊತ್ತು ಕನ್ನಡಕ ಒರೆಸುತ್ತಾನೆ.

ಬಿ.ಎ. ಎರಡನೇ ವರ್ಷ, ಹಾನಗಲ್ಲಿನ ಕಾಲೇಜು.
ಹಂಚಿನಮನಿ ಮೇಡಂ ಹೇಳಿದ್ದರು:
ಡ್ಯಾನ್ಯೂಬ್ ಹೊಳೆ ದಾಟಿ ಗಾಥರು ಬಂದರು,
ಬೆನ್ನಿಗೆ ಹೂಣರು, ಮುಂದೆ ರೋಮಿನ ದಂಡೆ.
ಕಾಳು ಕೊಡುತ್ತೇವೆಂದ ಅಧಿಕಾರಿಗಳು
ಒಂದು ನಾಯಿಗೆ ಒಂದು ಮಗು ಅಂತ ದರ ಕಟ್ಟಿದರು.
ನಾಯಿ ತಿನ್ನಲಿಕ್ಕೆ. ಮಗು ಮಾರಲಿಕ್ಕೆ.
ಹಿಂದಿನ ಬೆಂಚಿನವರು ನಕ್ಕರು. ನಾನೂ ನಕ್ಕಿರಬೇಕು.
ಬರ್ಬರ ಅಂದರೆ ಬರಬರ ಅನ್ನುವವರು,
ಮಾತು ತಿಳಿಯದವರಿಗೆ ಗ್ರೀಕರಿಟ್ಟ ಹೆಸರು
ಅಂದಾಗ ನೆನಪಾದವನು ಅಪ್ಪ:
"ತಾಂಡಾದವ್ರು ಬಂದ್ರ ತೂಕದ ಬಟ್ಟು ಎಣಿಸಿಡು.
ಏನ್ ಬಡಬಡಸ್ತಾವೋ ಏನೋ."

ಈಗ ನಾಣ್ಯ ನನ್ನ ಕೈಯಲ್ಲಿ.
ಒಂದು ಬದಿ ಮುಖ, ಮುತ್ತಿನ ಪಟ್ಟಿ,
ನೆತ್ತಿಯ ಮೇಲೆ ಅಕ್ಕಪಕ್ಕ ಎರಡು ತೂತು.
ಇನ್ನೊಂದು ಬದಿ ದೊರೆ ನಿಂತಿದ್ದಾನೆ,
ಕಾಲ ಕೆಳಗೆ ಮಡಚಿಬಿದ್ದ ಒಬ್ಬ ಮನುಷ್ಯ.
ದೊರೆಯ ಮೂಗು ಸವೆದುಹೋಗಿದೆ, ಮೊಣಕಾಲೂ.
ಬಿದ್ದವನ ಕೂದಲು ಒಂದೊಂದೂ ಎಣಿಸಬಹುದು.
ಅಪ್ಪನೇ ಕಲಿಸಿದ್ದು: ಉಬ್ಬಿದ್ದು ಮೊದಲು ಸವೆಯುತ್ತದೆ.

ಇಂಥವನ್ನೇ ಚೀಲಗಟ್ಟಿ ಹೂಣರಿಗೆ ಕಳಿಸುತ್ತಿದ್ದರಂತೆ,
ವರ್ಷಕ್ಕೆ ಏಳುನೂರು ರಾತಲು,
ಊರು ಸುಡಬೇಡಿರಪ್ಪ ಅಂತ.
ಮೆಟ್ಟಿಸಿಕೊಂಡವರು ತಮ್ಮ ಚಿತ್ರವನ್ನು
ತಕ್ಕಡಿಯಲ್ಲಿ ಹಾಕಿ, ತೂಗಿ, ತಕ್ಕೊಂಡರು.
ನಕ್ಕರೋ ಏನೋ. ಮೇಡಂ ಅದನ್ನು ಹೇಳಲಿಲ್ಲ.

ಅಲ್ಲಿಂದ ಇಲ್ಲಿಗೆ ಯಾವ ಹಡಗು, ಯಾವ ಘಟ್ಟ,
ಯಾವ ಎತ್ತಿನ ಬೆನ್ನು?
ಮೆಣಸಿಗೆ ಬದಲಾಗಿ ಬಂತೋ, ಹತ್ತಿಯ ಬಟ್ಟೆಗೋ?
ಕದಂಬರ ಕಾಲದ ಯಾವನೋ ನಮ್ಮಂಥ ಪತ್ತಾರ
ಚಕ್ರವರ್ತಿಯ ನೆತ್ತಿಗೆ ಸುಣ್ಣದ ಚುಕ್ಕೆ ಇಟ್ಟು
ಕೊರೆದ. ಅವನಿಗೆ ಇದೊಂದು ಯವನರ ಮೋರೆ.
ಗಿರಾಕಿಯ ಕೊರಳಿಗೆ ಒಪ್ಪಿದರೆ ಮುಗಿಯಿತು.

"ಬಂಗಾರ ಐತಿ ಬೇ," ಅಂದೆ ನಾನು. "ಅಪರಂಜಿ."

ಅಪ್ಪ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದ,
ಯಾವುದೋ ಪರಭಾಷೆ ಆಡಿದವಳನ್ನು ನೋಡಿದಂತೆ.
ಹೇಮ್ಲವ್ವ ನೋಡಿದ್ದು ಅಪ್ಪನನ್ನು.
"ಗೊತ್ತೈತಿ ತಗೋ," ಅಂದಳು ನನಗೆ.
"ದಾರ ಹಾಕ್ರಿ," ಅಂದಳು ಅವನಿಗೆ.

ಅವನ ಕೈ ನಡುಗಲಿಲ್ಲ, ಅದಾದರೂ ಹೇಳಬೇಕು.
ಕೆಂಪು ದಾರಕ್ಕೆ ಮೇಣ ಸವರಿ
ಎರಡೂ ತೂತಿನೊಳಗೆ ತೂರಿಸಿ
ಬಾಗಿಲ ಬೆಳಕಿಗೆ ಎತ್ತಿ ಹಿಡಿದ. ತಿರುಗಿತು.
ಮುಖ ನೆಟ್ಟಗಿತ್ತು. ಮತ್ತೆ ತಿರುಗಿತು.
ಟಂಕಸಾಲೆಯವರು ಆ ಅಚ್ಚನ್ನು
ಮೇಲುಕೆಳಗು ಮಾಡಿ ಒತ್ತಿದ್ದರು:
ದೊರೆ ತಲೆಕೆಳಗಾಗಿ ನೇತಾಡುತ್ತಿದ್ದ,
ಬಿದ್ದವ ಮೇಲೆ.

ಎಷ್ಟು ಕಾಲದಿಂದ ಹೀಗೆ,
ಮೈಗೆ ತಾಗುವ ಕಡೆ.

"ಎಷ್ಟಾತ್ರಿ?"
"ಏನ್ ಬ್ಯಾಡ."
ಹತ್ತು ರೂಪಾಯಿ ಇಟ್ಟೇ ಹೋದಳು.
ಅಪ್ಪ ಆ ನೋಟಿನ ಮೇಲೆ ಒರೆಗಲ್ಲು ಹೇರಿದ,
ಗಾಳಿಗೆ ಹಾರದಿರಲಿ ಅಂತ.
ಸಂಜೆ ದೀಪ ಹಚ್ಚುವವರೆಗೂ
ಅದು ಗಲ್ಲಾಪೆಟ್ಟಿಗೆಗೆ ಹೋಗಲಿಲ್ಲ.